ಬಿಳಿಮೀನಿನ ಗುಂಡಿಗೆ ನೀರು ಬಿಟ್ಟವರು

ಮಳವಳ್ಳಿಯ ದಿಬ್ಬದ ಬೀದಿಯಲ್ಲಿ ನಿಂಗಯ್ಯನನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ‘ನೀರು ಬುಡೋನು’ ಎಂದರೆ ಸಾಕು, ಯಾರೆಂದು ಗೊತ್ತಾಗುತ್ತದೆ. ವಾಲ್ವು ತಿರುಗಿಸಿ ಬೀದಿಬೀದಿಗೆ ನೀರು ಬಿಡುವುದು ಅವನ ಕೆಲಸ. ಕಳೆದ ಬೇಸಿಗೆಯಲ್ಲಿ ಆ ಹೆಸರು ಸದ್ದಿಲ್ಲದೆ ಬದಲಾಯಿತು. ಒಂದು ಬೆಳಿಗ್ಗೆ ಸೈಕಲ್ ತುಳಿದು ಹೋಗುತ್ತಿದ್ದಾಗ ಬೆನ್ನ ಹಿಂದೆ ‘ನೀರು ಮಾರೋನು ಓದ’ ಎಂಬ ಮಾತು ಕೇಳಿಸಿತು. ಕಿವಿ ತಪ್ಪಿರಬೇಕು ಎಂದುಕೊಂಡ. ಮರುದಿನ ಮತ್ತೆ ಕೇಳಿಸಿದಾಗ ಸೈಕಲ್ಲಿನಿಂದ ಇಳಿದು ತಿರುಗಿ ನೋಡಿದ. ನಲ್ಲಿಯ ಮುಂದೆ ಬಿಂದಿಗೆ ಸಾಲಿಟ್ಟು ಕೂತಿದ್ದ ಹೆಂಗಸರೆಲ್ಲ ತಮ್ಮ ತಮ್ಮ ಬಿಂದಿಗೆಯನ್ನೇ ನೋಡುತ್ತಿದ್ದರು.

ನೇರವಾಗಿ ನೋಡಿದವಳು ಒಬ್ಬಳೇ. ಬೀದಿಯ ತುದಿಮನೆಯ ಅಂಕಮ್ಮ. ಸಂತೆಯಲ್ಲಿ ಸೊಪ್ಪು ಮಾರುವವಳು, ಮಾತಿಗೆ ಅಂಜುವವಳಲ್ಲ.

“ಏನಯ್ಯ ನೋಡೀಯೆ? ನಲ್ಲೀಲಿ ನೀರಿಲ್ಲ, ನಿನ್ ಮೊಕ ನೋಡ್ಕಂಡು ಬಿಂದ್ಗೆ ತುಂಬುಸ್ಕಬೇಕಾ?”

“ಲೈನಲ್ಲಿ ಪ್ರೆಸರ್ ಇಲ್ಲ ಕಣಮ್ಮ.”

“ಯಾಕಿಲ್ಲ? ಯಾರ್ ಗದ್ದೆಗೆ ಓಯ್ತಾ ಐತೆ ನಿನ್ ಪ್ರೆಸರು?”

ನಿಂಗಯ್ಯ ಸೈಕಲ್ ಹತ್ತಿದ. ಅದೇ ಪ್ರಶ್ನೆಯನ್ನು ಕೆಲವು ದಿನಗಳಿಂದ ಅವನೂ ಕೇಳಿಕೊಳ್ಳುತ್ತಿದ್ದ.

ಅನುಮಾನ ಅವನಿಗೆ ಅಪ್ಪನಿಂದ ಬಂದ ಆಸ್ತಿ. ಬಂಡೂರಿನ ಕಡೆಯ ಹಳ್ಳಿಯೊಂದರಲ್ಲಿ ಅಪ್ಪ ಕೆರೆಯ ನೀರುಗಂಟಿಯಾಗಿದ್ದ. ಸರದಿ ತಪ್ಪದಂತೆ ಗದ್ದೆಗಳಿಗೆ ನೀರು ಹಾಯಿಸುತ್ತ, ರಾತ್ರೋರಾತ್ರಿ ಬದು ಒಡೆಯುವವರನ್ನು ಕಾಯುತ್ತ ಮುದುಕನಾದ ಆತ ಮಗನಿಗೆ ಹೇಳಿಕೊಟ್ಟದ್ದು ಇಷ್ಟೆ: “ನೀರ್ ತವ ನಿಂತ್ಕಂಡೋನು ಯಾರ್ನೂ ನಂಬ್ಬಾರ್ದು ಕಣ್ಲಾ, ನೆಂಟ್ರಾದ್ರೂವೆ.” ಮಗ ಆ ಮಾತನ್ನು ನೀರಿಗಷ್ಟೇ ಉಳಿಸಿಕೊಳ್ಳಲಿಲ್ಲ. ಅಂಗಡಿಯ ತಕ್ಕಡಿಯ ತಳಕ್ಕೆ ಕೈಹಾಕಿ ನೋಡುತ್ತಾನೆ. ಮನೆಗೆ ಬೀಗ ಹಾಕಿ ಎಳೆಯುತ್ತಾನೆ, ಬಸ್ ನಿಲ್ದಾಣದವರೆಗೆ ಹೋದವನು ವಾಪಸು ಬಂದು ಇನ್ನೊಮ್ಮೆ ಎಳೆಯುತ್ತಾನೆ. ಹೆಂಡತಿ ಮಲ್ಲಿಗಮ್ಮ ನೆಂಟರ ಮುಂದೆ ಹೇಳಿ ನಗುವುದುಂಟು: “ನಮ್ ಮದ್ವೇಲಿ ತಾಳಿ ಕಟ್ಟಾದ್ಮೇಲೂ ಒಂದ್ಸತಿ ಎಳ್ದು ನೋಡ್ದ.”

ಕೊಳವೆ ಹೂಳುವ ಕಾಲುವೆ ತೋಡುವ ಕೂಲಿಯಾಗಿ ಪಟ್ಟಣಕ್ಕೆ ಬಂದವನು, ಹೊರಗುತ್ತಿಗೆಯ ವಾಲ್ವ್‌ಮ್ಯಾನ್ ಆಗಿ ಉಳಿದುಕೊಂಡ. ಈಗ ಐವತ್ತು ದಾಟಿದೆ. ಹೊಳೆಯ ದಡದ ಪಂಪ್‌ಹೌಸಿನಿಂದ ಪಟ್ಟಣದ ಫಿಲ್ಟರ್‌ಹೌಸಿಗೆ ಬರುವ ದೊಡ್ಡ ಕೊಳವೆಯ ಮೇಲುಸ್ತುವಾರಿಯೂ ಅವನದೇ. ಆ ಕೊಳವೆ ದಾರಿಯಲ್ಲಿ ಕಾರೆಹಳ್ಳ ಎಂಬ ಸಣ್ಣ ಹಳ್ಳವನ್ನು ದಾಟುತ್ತದೆ. ದಾಟುವಲ್ಲಿ ತಗ್ಗಿಗೆ ಇಳಿದು ಮತ್ತೆ ಏರುತ್ತದೆ. ತಗ್ಗಿನಲ್ಲಿ ನಿಲ್ಲುವ ಮಣ್ಣುಮರಳನ್ನು ಆಗಾಗ ಹಳ್ಳಕ್ಕೆ ತಳ್ಳಿಬಿಡಲು ಅಲ್ಲೊಂದು ವಾಶ್‌ಔಟ್ ವಾಲ್ವು ಇದೆ. ಅದರ ಚಕ್ರ ಯಾವತ್ತೋ ಕಳುವಾಗಿ ಗುಜರಿ ಸೇರಿತು. ಈಗ ಅದನ್ನು ತಿರುಗಿಸಬೇಕಾದರೆ ಸೊಂಟದೆತ್ತರದ, ತಲೆಗೆ ಅಡ್ಡಪಟ್ಟಿ ಇರುವ ಕಬ್ಬಿಣದ ಕಂಬಿ ಬೇಕು. ಅದಕ್ಕೆ ವಾಲ್ ಕೀ ಎನ್ನುತ್ತಾರೆ. ಆ ವಾಲ್ವಿಗೆ ಹೊಂದುವ ವಾಲ್ ಕೀ ಎರಡೇ. ಒಂದು ಎಂಜಿನಿಯರ್ ಕೋಣೆಯ ಬೀರುವಿನಲ್ಲಿ, ಇನ್ನೊಂದು ನಿಂಗಯ್ಯನ ಮನೆಯ ಬಾಗಿಲ ಹಿಂದಿನ ಮೊಳೆಯಲ್ಲಿ.

ಮಾರ್ಚಿನಲ್ಲಿ ದಿಬ್ಬದ ಬೀದಿಗೆ ನೀರು ಸಣ್ಣಗಾದಾಗ ನಿಂಗಯ್ಯ ಕೊಳವೆಯ ಗುಂಟ ನಡೆದು ಹೋದ. ಕಾರೆಹಳ್ಳದಲ್ಲಿ ವಾಶ್‌ಔಟ್ ವಾಲ್ವಿನ ಬಾಯಿಂದ ಮುಂಗೈ ದಪ್ಪ ನೀರು ಹಳ್ಳಕ್ಕೆ ಬೀಳುತ್ತಿತ್ತು. ಹಳ್ಳವೆಲ್ಲ ಒಣಗಿ ಬಿರುಕುಬಿಟ್ಟಿದ್ದರೂ ವಾಲ್ವಿನ ಕೆಳಗಿನ ಗುಂಡಿ ಮಾತ್ರ ತಿಳಿಯಾಗಿ ತುಂಬಿಕೊಂಡಿತ್ತು. ಅವನು ವಾಲ್ವನ್ನು ಪೂರ್ತಿ ತೆರೆದು, ಒಳಗಿನ ಮರಳು ತೊಳೆದುಹೋಗುವಷ್ಟು ನುಗ್ಗಿಸಿ, ಆಮೇಲೆ ಬಿಗಿಯಾಗಿ ಮುಚ್ಚಿ ಬಂದ. ದಿಬ್ಬದ ಬೀದಿಗೆ ನೀರು ಹತ್ತಿತು. ವಾರ ಕಳೆಯುವುದರೊಳಗೆ ಮತ್ತೆ ಇಳಿಯಿತು. ಹೋಗಿ ನೋಡಿದರೆ ಮತ್ತೆ ಸೋರಿಕೆ. ಮುಚ್ಚಿದ. ಮತ್ತೆ ಸೋರಿತು.

ತಾನಾಗಿಯೇ ತೆರೆದುಕೊಳ್ಳುವ ವಾಲ್ವನ್ನು ಅವನು ಇದುವರೆಗೆ ಕಂಡಿರಲಿಲ್ಲ.

ಮೂರನೆಯ ಸಲ ಹೋದಾಗ ವಾಲ್ವಿನ ಚಪ್ಪಡಿಯ ಮೇಲೆ ಅರಿಶಿನದ ಕಲೆ ಕಂಡಿತು. ಕುರಿಗಳ ಕಾಲಿಗೆ ಸಿಕ್ಕಿ ಚೆಲ್ಲಾಡಿದ್ದ ಬೆಣಚುಕಲ್ಲುಗಳಿಗೂ ಅರಿಶಿನ, ಒಂದೆರಡಕ್ಕೆ ಕುಂಕುಮ. ಪಕ್ಕದಲ್ಲಿ ಬಾಡಿದ ಬೇವಿನ ಸೊಪ್ಪು. ನಿಂಗಯ್ಯ ಎರಡು ಹೆಜ್ಜೆ ಹಿಂದೆ ಸರಿದು ನಿಂತ. ತನ್ನನ್ನು ಹೆದರಿಸಿ ಅತ್ತ ಸುಳಿಯದಂತೆ ಮಾಡಲು ಯಾರೋ ಮಾಟ ಮಾಡಿಸಿದ್ದಾರೆ. ಹೀಗೆ ಯೋಚಿಸಿದ ಮೇಲೆ ‘ಯಾರು’ ಎಂಬುದು ಅವನಿಗೆ ಅಷ್ಟು ಕಷ್ಟದ ಪ್ರಶ್ನೆ ಅನ್ನಿಸಲಿಲ್ಲ. ಹಳ್ಳದ ಆಚೆ ದಡದಲ್ಲೇ ಮರಿಸಿದ್ದಯ್ಯನ ಕಬ್ಬು ಇತ್ತು. ಅದು ಹಸಿರಾಗಿತ್ತು.

ಮರಿಸಿದ್ದಯ್ಯ ಎಪ್ಪತ್ತರ ಹತ್ತಿರದ ರೈತ. ಗಿಡ್ಡ ಕಾಲಿನ, ದುಂಡುಮೈಯ ಬಂಡೂರು ಕುರಿಗಳನ್ನು ಮೊಮ್ಮಕ್ಕಳಿಗಿಂತ ಹೆಚ್ಚು ಮುದ್ದಿನಿಂದ ಸಾಕಿಕೊಂಡವನು. ನಿಂಗಯ್ಯ ಹೋದಾಗ ಬೇವಿನ ನೆರಳಲ್ಲಿ ಕೂತು ಒಂದು ಕುರಿಯ ಗೊರಸು ಹೆರೆಯುತ್ತಿದ್ದ.

“ಏನ್ ಮರಿಸಿದ್ದಣ್ಣ, ಈ ಬಿಸ್ಲಲ್ಲೂ ಕಬ್ಬು ಇಂಗ್ ಅಸ್ರಾಗೈತೆ?”

“ಕಣ್ ಆಕ್ಬ್ಯಾಡ ಕಣ್ಲಾ. ನಮ್ ಬೋರಿನ್ ನೀರು.”

“ಬೋರಲ್ಲಿ ನೀರೈತಾ?”

“ಐತೋ ಇಲ್ವೋ ಇಳ್ದು ನೋಡ್ಕಂಡ್ ಬಾ. ಅಗ್ಗ ಕೊಡ್ತೀನಿ.”

“ಕುರಿಗೆ?”

“ಕುರಿ ಗುಂಡೀಲಿ ಕುಡೀತವೆ. ಅವ್ಕೂ ಬಾಯಿಗ್ ಮೀಟ್ರು ಕಟ್ಟೀಯಾ?”

ನಿಂಗಯ್ಯ ಅರಿಶಿನದ ಮಾತೆತ್ತಿದ. ಮರಿಸಿದ್ದಯ್ಯ ಕುರಿಯ ಕಾಲು ಬಿಟ್ಟು ಬೇರೆ ಕಡೆ ನೋಡಿದ. “ಅದ ಮುಟ್ಬ್ಯಾಡ. ನಾನಂತೂ ಆ ಒತ್ನಲ್ಲಿ ಆ ಕಡೀಕೇ ಓಗಕಿಲ್ಲ,” ಎಂದ. ಮೀಸೆಯ ಅಡಿಯಲ್ಲಿ ನಗು ಸುಳಿದಂತೆ ನಿಂಗಯ್ಯನಿಗೆ ಕಂಡಿತು. ‘ಆ ಹೊತ್ತು’ ಎಂದರೆ ಯಾವ ಹೊತ್ತು ಎಂದು ಕೇಳಬೇಕಿತ್ತು, ಕೇಳಲಿಲ್ಲ. ಕಳ್ಳತನದ ಹೊತ್ತು ರಾತ್ರಿಯಲ್ಲದೆ ಇನ್ನಾವುದು? ಕೆಲವು ರಾತ್ರಿ ಹಳ್ಳದ ಪೊದೆಯಲ್ಲಿ ಕಂಬಳಿ ಹೊದ್ದು ಕಾದ. ಸೊಳ್ಳೆ ಕಚ್ಚಿಸಿಕೊಂಡದ್ದಷ್ಟೇ ಲಾಭ.

ಎರಡನೆಯ ಅನುಮಾನ ಹುಟ್ಟಿದ್ದು ಹಗಲಿನಲ್ಲಿ. ಏಪ್ರಿಲ್ ಮೊದಲಲ್ಲಿ ಗುಂಡಿಯ ದಡದಲ್ಲಿ ಒಬ್ಬ ಹುಡುಗಿ ಮೊಣಕಾಲೂರಿ ನೀರನ್ನು ನೋಡುತ್ತಿದ್ದಳು. ದೀಪಶ್ರೀ ಎಂದು ಹೆಸರು ಹೇಳಿ, ಅವನ ಹೆಸರನ್ನೂ ಕೇಳಿಕೊಂಡಳು. ಮೀನುಗಳ ಮೇಲೆ ಸಂಶೋಧನೆ ಮಾಡುವವಳು, ಮಂಡ್ಯದಲ್ಲಿ ಬಾಡಿಗೆ ಮನೆ, ಬಸ್ಸಿನಲ್ಲಿ ಓಡಾಟ.

“ಸ್ವಲ್ಪ ಇಲ್ಲಿ ಬಂದು ನೋಡಿ, ನಿಂಗಯ್ಯನವರೇ. ನಿಮ್ಮ ನೆರಳು ನೀರಿನ ಮೇಲೆ ಬೀಳದ ಹಾಗೆ.”

ನೋಡಿದ. ಬೆರಳುದ್ದದಿಂದ ಗೇಣುದ್ದದವರೆಗಿನ ಮೀನುಗಳು ಒಂದೇ ದಿಕ್ಕಿಗೆ ಮುಖಮಾಡಿ, ಸೋರಿ ಬೀಳುತ್ತಿದ್ದ ನೀರಿಗೆ ಎದುರಾಗಿ ನಿಂತಿದ್ದವು. ರೆಕ್ಕೆಗಳಿಗೆ ಕಿತ್ತಳೆ ಬಣ್ಣ. ಬಿಸಿಲು ತಾಗಿದಾಗ ಬೆನ್ನು ಬೆಳ್ಳಿಯಂತೆ ಮಿನುಗಿ ಆರುತ್ತಿತ್ತು.

“ಬಿಳಿಮೀನಿನ ಮರಿಗಳು,” ಎಂದಳು ಅವಳು. “ಬೆಳೆದರೆ ಆಳುದ್ದ ಆಗೋ ಜಾತಿ. ಈಗ ಕಾವೇರಿ ಸೀಮೇಲಿ ಕೆಲವೇ ಕಡೆ ಉಳಿದಿವೆ. ಹೋದ ಮಳೆಗಾಲದಲ್ಲಿ ಹೊಳೆ ಏರಿದಾಗ ಹಳ್ಳಕ್ಕೆ ಹತ್ತಿ ಬಂದು, ನೀರಿಳಿದ ಮೇಲೆ ಇಲ್ಲಿ ಸಿಕ್ಕಿಹಾಕಿಕೊಂಡಿವೆ. ನಿಮ್ಮ ಸೋರಿಕೆ ನಿಂತರೆ ಈ ಗುಂಡಿ ಹೆಚ್ಚು ದಿನ ಇರೋದಿಲ್ಲ.”

“ನಮ್ ಸೋರಿಕೆ ಅಲ್ಲ ಕಣಮ್ಮ. ಕಳ್ ಸೋರಿಕೆ. ಮೀನ್ ಇಡ್ಕಂಡೋಗಿ ಒಳೆಗ್ ಬುಟ್ಬುಡಿ.”

“ಈ ಬಿಸಿಲಲ್ಲಿ ಹಿಡಿದರೆ ಅರ್ಧ ದಾರಿಲೇ ಸಾಯುತ್ತವೆ. ಮಳೆ ಬರೋವರೆಗೆ ಹೇಗಾದರೂ...”

“ಮಳೆ ಬರಗಂಟ ದಿಬ್ಬದ್ ಬೀದಿ ಜನ ಏನ್ ಕುಡೀಬೇಕು?”

ಅವಳು ನೀರಿನಿಂದ ಕಣ್ಣೆತ್ತಿದಳು. “ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ,” ಎಂದಳು.

ಉತ್ತರ ಇಲ್ಲ ಎಂದು ಒಪ್ಪಿಕೊಂಡವರನ್ನು ನಿಂಗಯ್ಯ ನಂಬುವವನಲ್ಲ. ಎಂಜಿನಿಯರ್ ಸಾಹೇಬರು ಗೊತ್ತೇ ಎಂದು ಕೇಳಿದ. ಗೊತ್ತು, ಅನುಮತಿ ಕೇಳಲು ಕಚೇರಿಗೆ ಹೋಗಿದ್ದೆ ಎಂದಳು. ಹಾಗಾದರೆ ಇನ್ನೊಂದು ಕೀ ಇರುವ ಕೋಣೆಗೆ ಇವಳು ಹೋಗಿಬಂದಿದ್ದಾಳೆ. ಆಮೇಲೆ ಅವನು ವಾಲ್ವು ಮುಚ್ಚಲು ಹೋದಾಗಲೆಲ್ಲ ಅವಳ ಮುಖ ಬಾಡುವುದನ್ನೂ, ಸೋರಿಕೆ ಮರಳಿದ ದಿನ ಅರಳುವುದನ್ನೂ ಗಮನಿಸಿಟ್ಟುಕೊಂಡ. ಅವಳು ಗುಂಡಿಯ ಒಂದು ಮಗ್ಗುಲಿಗೆ ತೆಂಗಿನ ಗರಿ ಹೊದಿಸಿ ನೆರಳು ಮಾಡಿದಳು. ಗರಿ ಕೊಟ್ಟವನು ಮರಿಸಿದ್ದಯ್ಯ. ಇಬ್ಬರೂ ಒಂದಾಗಿದ್ದಾರೆ ಎಂಬುದಕ್ಕೆ ಇನ್ನೇನು ಬೇಕು?

ಏಪ್ರಿಲ್ ನಡುವೆ ಎಂಜಿನಿಯರ್ ಸುದರ್ಶನ್ ಅವನನ್ನು ಕೋಣೆಗೆ ಕರೆಸಿದರು. ಕಡಿಮೆ ಮಾತಿನ ಮನುಷ್ಯ. ಗಾಡಿಯ ಕೀಲಿಯನ್ನು ಬೆರಳಿಗೆ ಸುತ್ತುತ್ತ ಮಾತಾಡುವುದು ಅಭ್ಯಾಸ.

“ನಿಂಗಯ್ಯ, ಆ ವಾಲ್ವಿಗೆ ಕೀ ಎಷ್ಟಿವೆ?”

“ಎಲ್ಡು ಸಾರ್.”

ಸುದರ್ಶನ್ ಎದ್ದು ಬೀರು ತೆಗೆದರು. ಮೂಲೆಯಲ್ಲಿ ಒರಗಿದ್ದ ವಾಲ್ ಕೀಗೆ ಜೇಡರ ಬಲೆ ಕಟ್ಟಿತ್ತು, ಅದರ ಮೇಲೆ ಧೂಳು. “ಇದು ಒಂದು. ಇನ್ನೊಂದು?”

“ನಮ್ಮಟ್ಟೀಲೈತೆ.”

“ನಾನು ನಿಮ್ಮ ಮೇಲೆ ಅನುಮಾನ ಪಡ್ತಿದ್ದೀನಿ ಅಂತಲ್ಲ.”

ಅವರು ಬೀರು ಮುಚ್ಚಿದರು. ಮುಂದಿನ ಸೋಮವಾರ ವಾಲ್ವಿನ ಬಾಯಿಗೆ ತಗಡು ಹಾಕಿ ವೆಲ್ಡ್ ಮಾಡಿಸುವ ಆಲೋಚನೆ ಇದೆ ಎಂದರು. ಹಾಗೆ ಮಾಡಿದರೆ ಮೀನು ಸಾಯುತ್ತವೆ ಎಂದು ಮೇಲಿನಿಂದ ಫೋನು ಬಂದಿದೆ, ಮಾಡದಿದ್ದರೆ ದಿಬ್ಬದ ಬೀದಿಯವರು ಕಚೇರಿಗೆ ಬೀಗ ಹಾಕುತ್ತೇವೆ ಎಂದಿದ್ದಾರೆ. “ಮುಚ್ಚಿದರೆ ಮೀನು ಕೊಂದವನು ನಾನು. ಬಿಟ್ಟರೆ ನೀರು ಮಾರಿಕೊಂಡವನೂ ನಾನೇ. ವಾಲ್ವು ತೆರೆಯೋರು ಯಾರು ಅಂತಾದರೂ ನನಗೆ ಬೇಕು. ಅವರು ಸಿಗಲಿಲ್ಲ ಅಂದರೆ ಕೀ ಯಾರ ಹತ್ತಿರ ಇದೆಯೋ ಅವರ ಹೆಸರನ್ನೇ ಬರೀಬೇಕಾಗುತ್ತೆ. ಆಮೇಲೆ ಏಜೆನ್ಸಿಯವರು ನಿಮ್ಮನ್ನು ಇಟ್ಕೊಳ್ಳೋದಿಲ್ಲ. ತಿಳೀತಲ್ಲ?”

ನಿಂಗಯ್ಯನಿಗೆ ತಿಳಿಯಿತು. ಕೆಲಸ ಹೋದರೆ ಮತ್ತೆ ಕೂಲಿಗೆ ಹೋಗಬಹುದು, ಗುದ್ದಲಿ ಹಿಡಿಯಲು ತೋಳಿನಲ್ಲಿ ಇನ್ನೂ ಶಕ್ತಿ ಇದೆ. ಆದರೆ ಕಳ್ಳನೆಂದು ಹೆಸರು ಬಂದರೆ ಅದು ಮಳವಳ್ಳಿಯಲ್ಲಿ ನಿಲ್ಲುವುದಿಲ್ಲ. ಮಗಳು ಚಂದನಳನ್ನು ಮದ್ದೂರಿಗೆ ಕೊಟ್ಟಿತ್ತು. ಅಳಿಯ ಸಂತೋಷ್‌ಗೆ ಗೆಜ್ಜಲಗೆರೆಯ ಕಾರ್ಖಾನೆಯಲ್ಲಿ ಕೆಲಸ. ಈ ಕಡೆಯಿಂದ ದಿನಾ ಬಸ್ಸಿನಲ್ಲಿ ಹೋಗುವ ಹತ್ತಾರು ಜನ ಅವನ ಜೊತೆಗಾರರು. ಚಂದನ ಈಗ ಬಾಣಂತನಕ್ಕೆ ತವರಿಗೆ ಬಂದಿದ್ದಾಳೆ. ತೊಟ್ಟಿಲಲ್ಲಿ ಹೆಣ್ಣುಕೂಸು. ‘ನಿನ್ನ ತಾತ ನೀರುಗಳ್ಳ’ ಎಂದು ಆ ಕೂಸಿಗೆ ಮದ್ದೂರಿನಲ್ಲಿ ಯಾರಾದರೂ ಹೇಳುವ ದಿನವನ್ನು ಅವನು ಕಚೇರಿಯಿಂದ ಮನೆಯವರೆಗಿನ ದಾರಿಯಲ್ಲಿ ಮನಸ್ಸಿನಲ್ಲೇ ನೋಡಿಬಿಟ್ಟ.

ಬೀರುವಿನ ಜೇಡರ ಬಲೆ ದೀಪಶ್ರೀಯ ಪರವಾಗಿ ಸಾಕ್ಷಿ ಹೇಳಿತ್ತು. ಆ ಬಲೆಯನ್ನೂ ಅವನು ಪೂರ್ತಿ ನಂಬಲಿಲ್ಲ. ಜೇಡಕ್ಕೆ ಬಲೆ ಕಟ್ಟಲು ಎಷ್ಟು ಹೊತ್ತು ಬೇಕು?

ಮನೆಯಲ್ಲಿ ಮಲ್ಲಿಗಮ್ಮ ಕೂಸಿಗೆ ಎಣ್ಣೆ ಹಚ್ಚುತ್ತಿದ್ದಳು. “ಸುಕ್ರವಾರ ಮನೇಲಿ ಇರ್ಬ್ಯಾಡ, ಒಸಿ ಎಂಗುಸ್ರ ಕೆಲ್ಸ ಐತೆ,” ಎಂದಳು. ಅವನು ಹೂಂಗುಟ್ಟಿದ. ಶುಕ್ರವಾರ ಹೇಗೂ ಮದ್ದೂರು ರಸ್ತೆಯ ಕಡೆ ದುರಸ್ತಿ ಕೆಲಸ ಇತ್ತು.

ಆ ಶುಕ್ರವಾರ ಬೆಳಿಗ್ಗೆ ಬಸ್ ನಿಲ್ದಾಣದವರೆಗೆ ಹೋದವನಿಗೆ ಬೀಗದ ನೆನಪಾಯಿತು. ಹೊರಡುವಾಗ ಹೆಂಗಸರು ಮನೆಯಲ್ಲೇ ಇದ್ದರು. ಅವನು ಬೀಗ ಹಾಕಿರಲೇ ಇಲ್ಲ. ಆದರೂ ಕಾಲು ತಿರುಗಿತು. ಮನೆಗೆ ಬಂದರೆ ಬೀಗ ಬಿದ್ದಿದೆ. ಎಳೆದು ನೋಡಿದ, ಗಟ್ಟಿ. ಒಂದು ತಿಂಗಳ ಕೂಸನ್ನು ಕರೆದುಕೊಂಡು ಇವರು ಈ ಬಿಸಿಲಲ್ಲಿ ಎಲ್ಲಿಗೆ ಹೋದರು? ತನ್ನ ಬಳಿಯಿದ್ದ ಕೀಲಿಯಿಂದ ಬೀಗ ತೆಗೆದು ಒಳಗೆ ಹೋದ. ತೊಟ್ಟಿಲು ಖಾಲಿ. ಬಾಗಿಲು ಮುಂದಕ್ಕೆ ತಳ್ಳಿದಾಗ ಅದರ ಹಿಂದಿನ ಮೊಳೆಯೂ ಖಾಲಿ. ಮೊಳೆಯ ಸುತ್ತ ಗೋಡೆಯ ಸುಣ್ಣಕ್ಕೆ ಹಳದಿ ಹತ್ತಿತ್ತು. ಬೆರಳಿಗೆ ತಾಗಿಸಿ ಮೂಸಿದ. ಅರಿಶಿನ. ಒಂದೇ ದಿನದ ಕಲೆಯಲ್ಲ. ಒಂದರ ಮೇಲೊಂದು ಬಿದ್ದು ಗಟ್ಟಿಯಾದದ್ದು. ಆಯುಧಪೂಜೆಯದಿರಬೇಕು ಎಂದುಕೊಂಡು ದಿನಾ ನೋಡುತ್ತಲೇ ಇದ್ದ ಕಲೆ ಅದು.

ಸೈಕಲ್ ತುಳಿದು ಕಾರೆಹಳ್ಳಕ್ಕೆ ಹೋದ. ಏದುಸಿರು ಬಿಡುತ್ತ ಹಳ್ಳದ ದಡದ ಮೇಲೆ ನಿಂತವನಿಗೆ ಮೊದಲು ಕಂಡದ್ದು ಒಂದು ಆಟೋ, ಆಮೇಲೆ ಹೆಂಗಸರ ಗುಂಪು. ಚಂದನ ಆ ಸೆಕೆಯಲ್ಲೂ ಕಿವಿಗೆ ಬಟ್ಟೆ ಸುತ್ತಿಕೊಂಡು ಕೂಸನ್ನು ಎದೆಗೊತ್ತಿ ನಿಂತಿದ್ದಳು. ವಾಲ್ವಿನ ಚಪ್ಪಡಿಯ ಮೇಲೆ ಅರಿಶಿನ ಬಳಿದ ಐದು ಬೆಣಚುಕಲ್ಲು ಸಾಲಾಗಿ ಕೂತಿದ್ದವು. ಹೂ, ಕುಂಕುಮ, ಎಲೆಅಡಿಕೆ, ಹಚ್ಚಿದ ದೀಪ. ವಾಲ್ ಕೀಯ ಅಡ್ಡಪಟ್ಟಿಗೂ ಹೂ ಸುತ್ತಿತ್ತು. ಅದನ್ನು ಎರಡೂ ಕೈಯಲ್ಲಿ ಹಿಡಿದು, ಸೀರೆ ಎತ್ತಿಕಟ್ಟಿ, ನುರಿತ ಕೈಯಂತೆ ತಿರುಗಿಸುತ್ತಿದ್ದವಳು ಅಂಕಮ್ಮ.

“ಒಸಿ ಸಾಕು ಕಣಕ್ಕ, ಜಾಸ್ತಿ ಬುಟ್ರೆ ಸೀರೆಯೆಲ್ಲ ನೆಂದೋಯ್ತದೆ,” ಎನ್ನುತ್ತಿದ್ದಳು ಮಲ್ಲಿಗಮ್ಮ.

ನೀರು ಚಿಮ್ಮಿ ಗುಂಡಿಗೆ ಬಿತ್ತು. ಅಷ್ಟರಲ್ಲಿ ಮಲ್ಲಿಗಮ್ಮ ಗಂಡನನ್ನು ಕಂಡಳು.

“ಇಲ್ಗ್ಯಾಕ್ ಬಂದೆ? ಗಂಡುಸ್ರು ಬರಂಗಿಲ್ಲ!”

“ಆ ಕೀ...”

“ಪೂಜೆ ಮುಗೀಲಿ, ಆಮೇಲ್ ಬೈಯಿವಂತೆ. ಆ ಕಡೀಕ್ ತಿರೀಕ್ಕೊ.”

ನಿಂಗಯ್ಯ ಆ ಕಡೆ ತಿರುಗಿ ಕೂತ. ಬೇವಿನ ಮರದ ಕೆಳಗೆ ಮರಿಸಿದ್ದಯ್ಯನೂ ಹಾಗೆಯೇ ಬೆನ್ನು ತಿರುಗಿಸಿ ಕೂತಿದ್ದ. ‘ಆ ಹೊತ್ತು’ ಎಂದರೆ ಯಾವ ಹೊತ್ತು ಎಂಬುದು ಈಗ ತಿಳಿಯಿತು.

ಗಂಗೆ ಪೂಜೆ ಅವನಿಗೆ ಗೊತ್ತಿರದ ಸಂಗತಿಯಲ್ಲ. ಬಾಣಂತಿ ನೀರಿನ ಬಳಿಗೆ ಹೋಗಿ ಗಂಗಮ್ಮನಿಗೆ ಪೂಜೆ ಸಲ್ಲಿಸಿ, ತುಂಬಿದ ಬಿಂದಿಗೆ ಹೊತ್ತು ಮನೆಗೆ ಬರಬೇಕು; ಅವನ ತಾಯಿಯೂ ಮಾಡಿದ್ದಳು, ಹೆಂಡತಿಯೂ ಮಾಡಿದ್ದಳು. ಬಾವಿಕಟ್ಟೆಯ ಮೇಲೆ ಇಟ್ಟಿದ್ದರೆ ಆ ಐದು ಕಲ್ಲನ್ನು ಕುರುಡನೂ ಗುರುತಿಸುತ್ತಿದ್ದ. ಆದರೆ ದಿಬ್ಬದ ಬೀದಿಯ ಬಾವಿಗೆ ಚಪ್ಪಡಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಪಟ್ಟಣದ ಕೊಳವೆಯ ವಾಲ್ವಿನ ಮೇಲೆ ಗಂಗಮ್ಮ ಕೂತಾಳೆಂದು ಅವನಿಗೆ ಹೊಳೆದಿರಲಿಲ್ಲ.

ಪೂಜೆ ಮುಗಿದ ಮೇಲೆ ಅಂಕಮ್ಮನೇ ಬಂದಳು, ಕೈಯಲ್ಲಿ ವಾಲ್ ಕೀ ಹಿಡಿದುಕೊಂಡು.

“ಮನೇ ನಲ್ಲೀಲಿ ಮಾಡಕಾಗ್ತಿರ್ಲಿಲ್ವ?” ಎಂದ ನಿಂಗಯ್ಯ.

“ನಲ್ಲಿ ನೀರು ಸೆರೆ ನೀರು ಕಣಯ್ಯ. ಗಂಗಮ್ಮ ಅರೀಬೇಕು, ಅದ್ರಲ್ಲಿ ಜೀವ ಆಡ್ಬೇಕು. ನಾವ್ ಆಕಿದ್ ಪುರೀನ ಮೀನ್ ಬಂದ್ ತಿಂದ್ರೆ ಅವ್ಳು ಒಪ್ಕಂಡ್ಲು ಅಂತ. ಅಮಾಸೆ ಕಳ್ದ್ ಮ್ಯಾಲೆ ನನ್ ಸೊಸೇದೂ ಇಲ್ಲೇ ಆಯ್ತು.”

“ಎಷ್ಟ್ ಜನ ಬಂದವ್ರೆ?”

“ನಮ್ ಬೀದಿ ಬಾಣ್ತೀರೆಲ್ಲಾನೂವೆ. ನಿಮ್ ಮಲ್ಲಿಗಮ್ಮ ಕೀ ಕೊಟ್ಲು.”

ಮಲ್ಲಿಗಮ್ಮ ತಲೆ ತಗ್ಗಿಸಲಿಲ್ಲ. “ಬಾಣ್ತಿ ಬಂದು ಬಾಗ್ಲಲ್ಲಿ ನಿಂತ್ಕಂಡು ಕೇಳುದ್ರೆ ಇಲ್ಲ ಅನ್ನಕಾಯ್ತದಾ? ನಿನ್ ಕೇಳಿದ್ರೆ ನೂರೆಂಟು ಪ್ರಶ್ನೆ ಆಕಿರೋನು. ಎಲ್ರೂ ಬಿಗ್ಯಾಗ್ ಮುಚ್ಚೇ ಬತ್ತಾ ಇದ್ವಿ, ಇಬ್ಬಿಬ್ರು ಸೇರ್ಕಂಡು.”

“ಅದೇ ತಪ್ಪಾಗಿರಾದು,” ಎಂದ ನಿಂಗಯ್ಯ. ಒಸಿ ತೆರೆದು ಒಸಿ ಹೊತ್ತಿಗೆ ಮುಚ್ಚಿದರೆ ಮರಳು ವಾಲ್ವಿನ ಬಾಯಲ್ಲೇ ಸಿಕ್ಕಿಕೊಳ್ಳುತ್ತದೆ. ಎಷ್ಟು ಬಿಗಿದರೂ ಅದು ಕೂರುವುದಿಲ್ಲ, ಹಗಲೂ ರಾತ್ರಿ ಸೋರುತ್ತದೆ. ಅಷ್ಟು ನೀರು ಇಲ್ಲೇ ಹೋದರೆ ಪಟ್ಟಣದ ಟ್ಯಾಂಕು ತುಂಬುವುದಿಲ್ಲ. ತುಂಬದಿದ್ದರೆ ಎಲ್ಲಕ್ಕಿಂತ ಎತ್ತರದಲ್ಲಿರುವ ದಿಬ್ಬದ ಬೀದಿಗೆ ನೀರು ಹತ್ತುವುದಿಲ್ಲ.

ಅಂಕಮ್ಮ ಗುಂಡಿಯ ಕಡೆ ತಿರುಗಿದಳು. “ಅಂಗಾರೆ ನಮ್ ನಲ್ಲಿ ನೀರ್ನ ನಾವೇ ತಂದು ಇಲ್ಲಿಗ್ ಸುರೀತಿದ್ವಾ?”

“ಊಂ ಕಣಮ್ಮ.”

“ನಿನ್ ಎಂಡ್ತಿ ಕೀ ಕೊಡ್ದಿದ್ರೆ ಇಂಗಾಗ್ತಿರ್ಲಿಲ್ಲ ಬುಡು,” ಎಂದು ಅವಳು ಕೀಯನ್ನು ಅವನ ಕೈಗಿತ್ತಳು.

ದೀಪಶ್ರೀ ಗುಂಡಿಯ ಆಚೆ ಬದಿಯಲ್ಲಿ ಎಲೆಅಡಿಕೆ ಹಿಡಿದು ನಿಂತಿದ್ದಳು, ಹಣೆಗೆ ಕುಂಕುಮ. ಅವಳಿಗೆ ಎಂದಿನಿಂದ ಗೊತ್ತು ಎಂದು ನಿಂಗಯ್ಯ ಕೇಳಿದ. ಹೋದ ಶುಕ್ರವಾರದಿಂದ ಎಂದಳು. “ಯಾರಿಗೂ ಹೇಳಬಾರದು ಅಂತ ಮಾತು ತಗೊಂಡ್ರು. ನನಗೂ ನೀರು ಬೇಕಿತ್ತು.” ಅವಳ ಮೇಲಿನ ಅನುಮಾನ ಪೂರ್ತಿ ಸುಳ್ಳಾಗಿರಲಿಲ್ಲ ಎಂಬುದು ಆ ದಿನ ಅವನಿಗೆ ಸಿಕ್ಕ ಒಂದೇ ಸಮಾಧಾನ.

ಶನಿವಾರ ಸುದರ್ಶನ್ ಮುಂದೆ ನಿಂತು, “ವಾಲ್ವು ತೆಗೀತಿದ್ದೋರು ಸಿಕ್ಕುದ್ರು ಸಾರ್, ನಮ್ ಮನೆಯೋರೇ,” ಎಂದ. ಪೂಜೆಯ ಕಥೆಯನ್ನೆಲ್ಲ ಹೇಳಿದ. ಸುದರ್ಶನ್ ಗಾಡಿಯ ಕೀಲಿ ಸುತ್ತುವುದನ್ನು ನಿಲ್ಲಿಸಿ ಅವನನ್ನೇ ನೋಡಿದರು.

“ಹೆಂಡತಿ ಮೇಲೆ ಹಾಕಿ ಜಾರಿಕೊಳ್ಳೋದು ಚೆನ್ನಾಗಿಲ್ಲ, ನಿಂಗಯ್ಯ.”

ಯಾರನ್ನೂ ನಂಬದೆ ಬದುಕಿದವನಿಗೆ, ನಿಜ ಹೇಳಿಯೂ ನಂಬಿಸಲಾಗದೆ ನಿಲ್ಲುವುದು ಹೇಗಿರುತ್ತದೆ ಎಂಬುದು ಅದೇ ಮೊದಲ ಸಲ ತಿಳಿಯಿತು. ತಲೆ ತಗ್ಗಿಸಿ ಹೊರಗೆ ಬಂದ. ಮನೆಯಲ್ಲಿ ಊಟಕ್ಕೆ ಕೂತು ಮುದ್ದೆಯನ್ನು ಮುರಿದು ಹಾಗೇ ಬಿಟ್ಟೆದ್ದ. ಮಲ್ಲಿಗಮ್ಮ ಸೆರಗು ಸಿಕ್ಕಿಸಿಕೊಂಡು ದಿಬ್ಬದ ಬೀದಿಯ ಕಡೆ ನಡೆದಳು.

ಸೋಮವಾರ ವೆಲ್ಡಿಂಗ್ ಯಂತ್ರ ಹೊತ್ತ ಗಾಡಿ ಕಚೇರಿಯ ಮುಂದೆ ನಿಂತಿದ್ದಾಗ ಅಂಕಮ್ಮ ಗುಂಪು ಕಟ್ಟಿಕೊಂಡು ಬಂದಳು. ಕಂಕುಳಲ್ಲಿ ಕೂಸುಗಳು, ಕಿವಿಗೆ ಬಟ್ಟೆ ಕಟ್ಟಿದ ಬಾಣಂತಿಯರು. ಗುಮಾಸ್ತರು ಎದ್ದು ಕುರ್ಚಿ ಬಿಟ್ಟರು.

“ಸ್ವಾಮಿ, ಅಂವ ಕಳ್ಳ ಅಲ್ಲ,” ಎಂದಳು ಅಂಕಮ್ಮ, ಬಾಗಿಲಲ್ಲೇ ನಿಂತು. “ಅಂವ್ನಿಗ್ ಅಷ್ಟ್ ಧೈರ್ಯ ಇಲ್ಲ. ಕಳ್ಳೀರು ನಾವು. ಬರ್ಕಳಿ, ಒಬ್ಬೊಬ್ರದೇ ಎಸ್ರು ಯೋಳ್ತೀನಿ. ಕೂಸಿನ ಎಸ್ರೂ ಬೇಕಾ?”

ಸುದರ್ಶನ್ ಏನನ್ನೂ ಬರೆಯಲಿಲ್ಲ. ಗಂಗಮ್ಮನ ಹೆಸರಿನಲ್ಲಿ ಪಟ್ಟಣದ ನೀರು ಬಿಟ್ಟವರೆಂದು ಬಾಣಂತಿಯರ ಮೇಲೆ ದೂರು ಬರೆಯುವ ಎಂಜಿನಿಯರ್ ಇನ್ನೂ ಹುಟ್ಟಬೇಕು. ದೀಪಶ್ರೀಯನ್ನು ಕರೆಸಿದರು. ಗುಂಡಿಗೆ ಎಷ್ಟು ನೀರು ಸಾಕು ಎಂದು ಕೇಳಿದರು. ಮೇಲೆ ನೆರಳಿದ್ದರೆ ಕಿರುಬೆರಳು ದಪ್ಪ ಹರಿದರೂ ಸಾಕು ಎಂದಳು. ಇಷ್ಟು ದಿನ ಸೋರಿದ್ದರ ಮುಂದೆ ಅದು ಏನೂ ಅಲ್ಲ. ಕಿರುಬೆರಳು ದಪ್ಪದ ನೀರಿಗಾಗಿ ದಿಬ್ಬದ ಬೀದಿ ಜಗಳ ತೆಗೆಯುವುದಿಲ್ಲ ಎಂದು ಅಂಕಮ್ಮ ಎಲ್ಲರ ಮುಂದೆ ಮಾತು ಕೊಟ್ಟಳು. ಹಳೆಯ ವಾಲ್ವು ಕಿತ್ತು ಅದೇ ಕೀಗೆ ಹೊಂದುವ ಹೊಸದು ಹಾಕುವುದು, ಅದರ ಪಕ್ಕದಲ್ಲಿ ಮಳೆಗಾಲದವರೆಗೆ ಒಂದು ಸಣ್ಣ ನಲ್ಲಿ ಬಿಟ್ಟಿರುವುದು ಎಂದು ತೀರ್ಮಾನವಾಯಿತು. ವಾಲ್ವು ಬದಲಿಸಲು ಪಂಪು ನಿಲ್ಲಿಸಿದ ದಿನಗಳಲ್ಲಿ ಗುಂಡಿಗೆ ನೀರು ಕೊಟ್ಟದ್ದು ಮರಿಸಿದ್ದಯ್ಯನ ಬೋರು. ಪೈಪು ಎಳೆದು ತಂದು ನಿಂಗಯ್ಯನ ಕಾಲ ಬಳಿ ಬಿಟ್ಟು, “ಈಗ್ಲಾರ ನಂಬ್ದೇನ್ಲಾ?” ಎಂದ. ನಿಂಗಯ್ಯ ನೀರನ್ನು ಅಂಗೈಯಲ್ಲಿ ಹಿಡಿದು, ಮೂಸಿ, ಬೋರಿನ ನೀರೇ ಎಂದು ಖಾತರಿ ಮಾಡಿಕೊಂಡ.

ದಿಬ್ಬದ ಬೀದಿಗೆ ನೀರು ಹತ್ತಿತು. ಅವನ ಹೆಸರು ‘ನೀರು ಬುಡೋನು’ ಎಂಬಲ್ಲಿಗೆ ಮರಳಿತು. ಚಂದನ ಮದ್ದೂರಿಗೆ ಹೊರಟ ದಿನ ಅಂಕಮ್ಮ ಒಂದು ಕಂತೆ ಸೊಪ್ಪು ತಂದು ಕೂಸಿನ ಕಾಲ ಬಳಿ ಇಟ್ಟು ಹೋದಳು.

ಜೂನ್ ಕೊನೆಗೆ ಕಾರೆಹಳ್ಳ ಕೆಂಪಾಗಿ ಹರಿಯಿತು. ನೀರು ತಿಳಿಯಾದಾಗ ಗುಂಡಿಯಲ್ಲಿ ಬಿಳಿಮೀನು ಇರಲಿಲ್ಲ. ಹೊಳೆಗೆ ಇಳಿದು ಹೋದವು ಎಂದು ದೀಪಶ್ರೀ ಸಂತೋಷಪಟ್ಟಳು. ಹೋಗಿದ್ದರೂ ಹೋಗಿರಬಹುದು ಎಂದ ನಿಂಗಯ್ಯ. ಆ ವಾರ ಮರಿಸಿದ್ದಯ್ಯನ ಮನೆಯ ಒಲೆಯಿಂದ ಏನು ವಾಸನೆ ಬರುತ್ತಿತ್ತೆಂದು ಮಾತ್ರ ಎರಡು ಸಲ ವಿಚಾರಿಸಿದ.

ಬಗೆಹರಿಯದೆ ಉಳಿದದ್ದು ವಾಲ್ ಕೀ ಒಂದೇ. ಅದು ಇನ್ನು ನಿಂಗಯ್ಯನ ಮನೆಯಲ್ಲಿ ಇರಕೂಡದು ಎಂದು ಸುದರ್ಶನ್ ಹೇಳಿದ್ದರು. ಕಚೇರಿಯಲ್ಲಿಟ್ಟರೆ ಬಾಣಂತಿಯರು ಯಾರನ್ನು ಕೇಳಬೇಕು ಎಂದು ಹೆಂಗಸರು ಪಟ್ಟು ಹಿಡಿದಿದ್ದರು. ಕೊನೆಗೆ ಅದು ಹೋಗಿ ಸೇರಿದ್ದು ಅಂಕಮ್ಮನ ಬಾಗಿಲ ಹಿಂದೆ. ಪೂರ್ತಿ ತೆರೆದು, ಮರಳು ತೊಳೆದು, ಆಮೇಲೆ ಮುಚ್ಚುವುದನ್ನು ನಿಂಗಯ್ಯನೇ ಅವಳಿಗೆ ಕಲಿಸಿಕೊಟ್ಟಿದ್ದ. ಈಗ ಕೊಳವೆ ತೊಳೆಯುವ ದಿನ ಅವನು ದಿಬ್ಬ ಹತ್ತಿ ಹೋಗಿ ಅವಳ ಬಾಗಿಲಲ್ಲಿ ನಿಂತು ಕೀ ಕೇಳಬೇಕು.

ಮೊನ್ನೆ ಕೆಲಸ ಮುಗಿಸಿ ವಾಪಸು ಕೊಡಲು ಹೋದಾಗ ಅಂಕಮ್ಮ ಕೀಯ ತುದಿಗೆ ಮೆತ್ತಿದ್ದ ಕೆಸರನ್ನು ಉಗುರಿನಿಂದ ಕೆರೆದು ನೋಡಿದಳು.

“ಬೆಳಗ್ಗೆ ತಕಂಡೋದೋನು ಈಗ ಬತ್ತಾ ಇದ್ದೀಯೆ. ಇಷ್ಟೊತ್ತು ಯಾರ್ ಗದ್ದೆಗ್ ಬುಟ್ಟೆ?”

ನಿಂಗಯ್ಯ ಅವಳ ಮುಖವನ್ನು ದಿಟ್ಟಿಸಿ ನೋಡಿದ. ಅಲ್ಲಿ ನಗು ಇತ್ತೋ ಇಲ್ಲವೋ, ಅವನಿಗೆ ಖಾತರಿಯಾಗಲಿಲ್ಲ. ಇಳಿಜಾರಿನಲ್ಲಿ ಸ್ವಲ್ಪ ದೂರ ಹೋದವನು ಸೈಕಲ್ ತಿರುಗಿಸಿ ಮತ್ತೆ ಮೇಲೆ ಬಂದ.

“ಅಂಕಮ್ಮ, ಆ ಮೊಳೆ ಗಟ್ಟಿಯಾಗೈತಾ? ಒಂದ್ಸತಿ ಎಳ್ದು ನೋಡು.”